ಕಣ್ಣು ಮೊದಲು, ಬೆರಳು ಆಮೇಲೆ

ಗುರುವಾರ, ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ, ಮಳವಳ್ಳಿಯಲ್ಲಿ ಮೇಡಂ ಅವರ ಮನೆ. ಹಾಜರಿದ್ದವರು ನಾನು ಮತ್ತು ಅವರ ತಂಗಿ. ನಾಡಿ ನೋಡಿದೆ, ಕಣ್ಣಿಗೆ ಟಾರ್ಚ್ ಬಿಟ್ಟೆ, ಸಾವಿನ ಗಂಟೆ ಬರೆದುಕೊಂಡೆ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದೆ. ಬಲಗೈ ತೋರುಬೆರಳಿನ ತುದಿ ಎಲ್ಲರದ್ದರಂತೆ ಗುಂಡಗಿರಲಿಲ್ಲ. ಕಲ್ಲಿಗೆ ತೇಯ್ದ ಹಾಗೆ ಚಪ್ಪಟೆಯಾಗಿತ್ತು, ಉಗುರು ಒಂದು ಪಕ್ಕಕ್ಕೆ ಹೊರಳಿತ್ತು. ಅರ್ಧ ಆಯುಷ್ಯ ಟೈಪ್‌ರೈಟರಿನ ಕೀಲಿ ಕುಟ್ಟಿದ ಬೆರಳು, ಆಮೇಲೆ ಕಂಪ್ಯೂಟರಿನ ಕೀಲಿ ಕುಟ್ಟಿದ ಬೆರಳು.

ಊರಿಗೆಲ್ಲ ಅವರು ಟೈಪಿಂಗ್ ಮೇಡಂ. ಬಸ್ ಸ್ಟ್ಯಾಂಡಿನ ಹಿಂದೆ ಅವರ ಟೈಪಿಂಗ್ ಶಾಲೆಯಿತ್ತು. ಕಲಿಯುವವರು ನಿಂತುಹೋದಾಗ ಮಷೀನುಗಳನ್ನು ಗುಜರಿಗೆ ಹಾಕಿ, ಒಂದು ಕಂಪ್ಯೂಟರ್ ತಂದು, ರೈಲು ಟಿಕೆಟ್ ಮಾಡಿಕೊಡುವ ಪರವಾನಗಿ ಪಡೆದರು. ಮಳವಳ್ಳಿಗೆ ರೈಲಿಲ್ಲ. ರೈಲು ಹತ್ತಲು ಮದ್ದೂರಿಗೋ ಮಂಡ್ಯಕ್ಕೋ ಹೋಗಬೇಕು. ರೈಲಿಲ್ಲದ ಊರಲ್ಲಿ ರೈಲು ಟಿಕೆಟ್ ಯಾರು ಕೊಳ್ಳುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ, "ಸ್ವರ್ಗ ನೋಡ್ಕಂಡ್ ಬಂದೋರೇ ಪೂಜೆ ಮಾಡಿಸ್ತಾರಾ?" ಎಂದಿದ್ದರು. ಬಾಗಿಲಿಗೆ ಒಂದು ಬೋರ್ಡು: "ನನ್ನ ಕೂಲಿ ಇಪ್ಪತ್ತು ರೂಪಾಯಿ. ಅದರ ಮೇಲೆ ಕೇಳಿದರೆ ಬೈಯಿರಿ."

ಟೈಪಿಂಗ್ ಕಲಿಸುವಾಗ ಹೇಳುತ್ತಿದ್ದ ಮಾತನ್ನೇ ಟಿಕೆಟ್ ಮಾಡುವಾಗಲೂ ಹೇಳುತ್ತಿದ್ದರು: "ಕಣ್ಣು ಮೊದ್ಲು, ಬೆರಳು ಆಮೇಲೆ." ಬಂದವರು ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದಬೇಕು. ಓದು ಬಾರದವರಿಗೆ ತಾವೇ ಓದಿ ಹೇಳುತ್ತಿದ್ದರು. ಕೇಳದೆಯೇ ಸರಿಗುರುತು ಹಾಕಿಟ್ಟ ಚೌಕ ಕಂಡರೆ, "ನಮ್ಮನೆ ಗೋಡೆ ಮೇಲೆ ಬೆರಣಿ ತಟ್ಟವ್ರೆ, ಕಿತ್ತಾಕಿ" ಎಂದು ತೆಗೆಸುತ್ತಿದ್ದರು. ಎಲ್ಲ ಓದಿ ಮುಗಿಯುವವರೆಗೆ ಆ ಚಪ್ಪಟೆ ಬೆರಳು ಗಾಳಿಯಲ್ಲೇ ನಿಂತಿರುತ್ತಿತ್ತು.

ಬಾಯಿ ಮಾತ್ರ ಕೆಟ್ಟದ್ದು. ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಒಬ್ಬ ಒಂದು ದಿನ ಅಂಗಡಿಗೆ ಬಂದು, ಇನ್ನು ನಿಮ್ಮ ಇಪ್ಪತ್ತು ರೂಪಾಯಿ ಬೇಕಿಲ್ಲ, ಫೋನಿನಲ್ಲಿ ಶೂನ್ಯ ಶುಲ್ಕದಲ್ಲಿ ಟಿಕೆಟ್ ಮಾಡಿದ್ದೇನೆ ಎಂದು ಜಂಬ ಕೊಚ್ಚಿದ. ಮೇಡಂ ಅವನ ಫೋನು ಕಿತ್ತುಕೊಂಡು, ಭೂತಗನ್ನಡಿ ಹಿಡಿದು ನೋಡಿದರು.

"ಶೂನ್ಯದ ತಲೆ ಮೇಲೆ ಇದ್ಯಾವ ನಕ್ಷತ್ರಲಾ?"

ಅವನು ನೋಡಿರಲಿಲ್ಲ.

"ಮೇಲೆ ನಕ್ಷತ್ರ ಇದ್ರೆ ಕೆಳಗೆ ಗ್ರಹಚಾರ ಐತೆ ಅಂತ ತಿಳ್ಕೊ. ಓದು."

ಕೆಳಗಿನ ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಅವನಿಂದಲೇ ಓದಿಸಿದರು. ಸೌಲಭ್ಯ ಶುಲ್ಕ, ಪಾವತಿ ಶುಲ್ಕ, ಅವನು ಕೇಳದ ವಿಮೆ, ಉಚಿತ ರದ್ದತಿ ಎಂಬ ಹೆಸರಿನಲ್ಲಿ ಹಿಡಿದುಕೊಂಡ ದುಡ್ಡು. ಒಂದೊಂದು ಹೆಸರಿಗೂ ಬೆಂಚಿನ ಮೇಲಿದ್ದ ಏಳೆಂಟು ಜನ ನಕ್ಕರು. ಅವನ ಕಿವಿ ಕೆಂಪಾಯಿತು, ದನಿ ಒಡೆಯಿತು. ಸಾಕು ಬಿಡಿ ಎಂದರೂ ಮೇಡಂ ಕೊನೆಯ ಸಾಲಿನವರೆಗೆ ಬಿಡಲಿಲ್ಲ. ಅವನು ಆ ಅಂಗಡಿಗೆ ಮತ್ತೆ ಬರಲಿಲ್ಲ. ಆ ದಿನ ನಾನೂ ನಕ್ಕಿದ್ದೆ, ಎಲ್ಲರಿಗಿಂತ ಜೋರಾಗಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಮೇಡಂಗೆ ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಏಳಕ್ಕೆ ಸರಿಯಾಗಿ ಹೋಗಿ ಇನ್ಸುಲಿನ್ ಕೊಡುತ್ತಿದ್ದೆ. ಸೀಸೆಯ ಚೀಟಿಯನ್ನು ಮೂರು ಸಲ ಓದಬೇಕೆಂದು ನಮಗೆ ಕಲಿಸಿದ್ದರು: ಕೈಗೆ ತೆಗೆದುಕೊಳ್ಳುವಾಗ, ಮದ್ದು ಎಳೆಯುವಾಗ, ಹಿಂದಕ್ಕಿಡುವಾಗ. ಮನೆಯಲ್ಲಿ ಇದ್ದುದು ಅದೊಂದೇ ಸೀಸೆಯಾದರೂ ನಾನು ಮೂರು ಸಲ ಓದುತ್ತಿದ್ದೆ. ಮೇಡಂ ಅದನ್ನು ಗಮನಿಸಿ, "ಈ ಊರಲ್ಲಿ ಓದೋರು ಅಂದ್ರೆ ನೀವೊಬ್ರೇ ಕಣ್ರೀ ಸಿಸ್ಟರಮ್ಮ" ಎಂದಿದ್ದರು. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಾಯಿಲೆ ಕಣ್ಣಿಗೆ ಇಳಿಯಿತು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲೂ ರಕ್ತ ಒಸರತೊಡಗಿತು. ಅಂಗಡಿ ಮುಚ್ಚಿದರು. ಮಧುರೈಯ ಕಣ್ಣಾಸ್ಪತ್ರೆಯವರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು, ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು. ಮೇಡಂ ನನ್ನನ್ನು ಕರೆದು, ಮದ್ದೂರು ಸ್ಟೇಷನ್ನಿನ ಕೌಂಟರಿಗೇ ಹೋಗಿ ಟಿಕೆಟ್ ತರಬೇಕು, ಫೋನಿನಲ್ಲಿ ಬೇಡ ಎಂದರು. ಸೀಟಿಲ್ಲದಿದ್ದರೆ ಕೌಂಟರಿನವನು ಇಲ್ಲ ಎಂದು ಮುಖಕ್ಕೆ ಹೇಳುತ್ತಾನೆ, ಆಗ ಒಂದು ದಿನ ಮೊದಲೇ ಹೊರಡಬಹುದು ಎಂಬುದು ಅವರ ಲೆಕ್ಕಾಚಾರ.

ಮಾರನೆಯ ದಿನ ನನಗೆ ಬೇರೆ ಕೆಲಸಗಳಿದ್ದವು. ಮದ್ದೂರಿಗೆ ಹೋಗಿಬರಲು ಅರ್ಧ ದಿನ ಬೇಕು. ಫೋನು ತೆರೆದರೆ ಹಸಿರು ಅಕ್ಷರದ ಜಾಹೀರಾತು: "ಸೀಟು ಖಾತರಿ." ಒತ್ತಿದೆ. ಮೊದಲು ತೋರಿಸಿದ ದರ ಒಂದು, ಕೊನೆಗೆ ಬಂದ ದರ ಇನ್ನೊಂದು. ಖಾತರಿಗೆ ದುಡ್ಡು ಹೆಚ್ಚೇ ಇರುತ್ತದೆ ಎಂದುಕೊಂಡು ಮತ್ತೆ ಒತ್ತಿದೆ. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು.

ಸಂಜೆ ಮೇಡಂ ಕೇಳಿದರು, "ಓದ್ರಾ?"

ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋದಿರಾ ಎಂದು ಕೇಳಿದರೋ, ಓದಿದಿರಾ ಎಂದು ಕೇಳಿದರೋ, ನನಗೆ ಇವತ್ತಿಗೂ ತಿಳಿಯದು. ಹೂಂ ಎಂದೆ. ಹೇಗೆ ಕೇಳಿದ್ದರೂ ಅದು ಸುಳ್ಳು.

ಹೊರಡುವ ದಿನ ಮಂಡ್ಯದ ಲ್ಯಾಬಿನಿಂದ ಸಕ್ಕರೆಯ ರಿಪೋರ್ಟ್ ತೆಗೆದುಕೊಳ್ಳಬೇಕಿತ್ತು. ಹಾಗಾಗಿ ಅಲ್ಲಿಂದಲೇ ರೈಲು ಹತ್ತುವುದೆಂದು ಮಾಡಿಕೊಂಡಿದ್ದೆವು. ಲ್ಯಾಬಿನ ಬೆಂಚಿನ ಮೇಲಿದ್ದಾಗ ಫೋನಿಗೆ ಸಂದೇಶ ಬಂತು. "ಅಭಿನಂದನೆಗಳು" ಎಂಬ ಮೊದಲ ಪದ ನೋಡಿ ಫೋನನ್ನು ಚೀಲಕ್ಕೆ ಹಾಕಿದೆ.

ಸಂಜೆ ರೈಲು ಬಂತು. ಹತ್ತಿ, ಖಾಲಿ ಕಂಡ ಸೀಟಿನಲ್ಲಿ ಕುಳಿತು ಐದು ನಿಮಿಷವಾಗಿರಲಿಲ್ಲ, ಆ ಸೀಟಿನವರು ಬಂದರು. ಟಿಕೆಟ್ ತಪಾಸಣೆಯವರೂ ಬಂದರು. ನಮ್ಮ ಹೆಸರು ಪಟ್ಟಿಯಲ್ಲಿರಲಿಲ್ಲ. ಸೀಟು ಸಿಗದೆ ಟಿಕೆಟ್ ಮಧ್ಯಾಹ್ನವೇ ತಾನಾಗಿ ರದ್ದಾಗಿದೆ, ಈಗ ನೀವು ಟಿಕೆಟಿಲ್ಲದವರು, ದಂಡ ಕಟ್ಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿಯಬೇಕು ಎಂದರು. ಮರ್ಯಾದೆಯಿಂದಲೇ ಹೇಳಿದರು. ಫೋನಿನಲ್ಲಿ ಖಾತರಿ ಎಂದು ಬರೆದಿದೆಯಲ್ಲ ಎಂದು ನಾನು ಅದನ್ನು ಮುಂದೆ ಹಿಡಿದೆ.

ಫೋನು ಎಂಬ ಮಾತು ಕೇಳಿದ್ದೇ ಮೇಡಂ ನನ್ನ ಕಡೆ ತಿರುಗಿದರು. ಬೋಗಿಯವರೆಲ್ಲ ನೋಡುತ್ತಿದ್ದರು.

"ಖಾತರಿ ಅಂತ ಬರೆದೈತಾ?"

"ಬರೆದಿದೆ."

"ಅದರ ತಲೆ ಮೇಲೆ?"

ಎರಡು ಬೆರಳಲ್ಲಿ ಅಕ್ಷರ ದೊಡ್ಡದು ಮಾಡಿದೆ. ಬಿಳಿಯ ಮೇಲೆ ತಿಳಿ ಬೂದು. "ಇದೆ" ಎಂದೆ.

"ಓದಿ. ಗಟ್ಟಿಯಾಗಿ."

ಓದಿದೆ. ಸೀಟು ಸಿಗದಿದ್ದರೆ ಮುಂದಿನ ಪ್ರಯಾಣಕ್ಕೆ ಬಳಸಬಹುದಾದ ಕೂಪನ್ ಕೊಡುವುದೇ ಖಾತರಿ. ಸೀಟಿಗೆ ಖಾತರಿಯಿಲ್ಲ. ಲ್ಯಾಬಿನಲ್ಲಿದ್ದಾಗ ಬಂದ ಅಭಿನಂದನೆ ಆ ಕೂಪನ್ನಿನದು. ಯಾರೋ ಕಿಸಕ್ಕೆಂದರು. ಸೋಮನಹಳ್ಳಿಯವನ ಕೆಂಪು ಕಿವಿ ನೆನಪಾಯಿತು.

ಜನರಲ್ ಬೋಗಿಯಲ್ಲಿ ಬಾಗಿಲವರೆಗೂ ಜನ. ಊದಿದ ಕಾಲಿನ ಮೇಲೆ ಅವರನ್ನು ಬೆಳಗಿನವರೆಗೆ ನಿಲ್ಲಿಸುವಂತಿರಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದೆ. ರೈಲು ಹೋಯಿತು.

"ಇದ್ಯಾವೂರು?"

"ಮದ್ದೂರು."

"ಟಿಕೆಟ್ ಕೌಂಟರು ಕಾಣ್ತದಾ?"

"ಎದುರಿಗೇ ಇದೆ."

"ಅಂಗಾರೆ ಓದ್ರಿ ಬುಡಿ, ಈಗ."

ಆಸ್ಪತ್ರೆಯವರು ಮತ್ತೆ ಕೊಟ್ಟ ದಿನ ಮೂರು ವಾರದ ಮೇಲಿತ್ತು. ನಾವು ಹೋಗುವಷ್ಟರಲ್ಲಿ ಕಣ್ಣಿನ ಒಳಪರದೆ ಕಳಚಿಕೊಂಡಿತ್ತು. ಕಿಟಕಿ ಯಾವ ಕಡೆಗಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು. ಮಳವಳ್ಳಿಯಲ್ಲಿ ಬಸ್ಸಿಳಿದ ಮೇಲೆ ಮೇಡಂ ಹೇಳಿದರು: "ನನ್ ಕಣ್ಣು ತಿಂದ್ರಿ ಸಿಸ್ಟರಮ್ಮ. ನಾಳೆ ಹತ್ತು ಗಂಟೆಗೆ ನಿಮ್ಮ ಕಣ್ಣು ತಂದು ಅಂಗಡೀಲಿ ಮಡಗಿ."

ತಂದಿಟ್ಟೆ. ಎರಡು ವರ್ಷ, ಭಾನುವಾರ ಬಿಟ್ಟು ದಿನವೂ, ಹತ್ತರಿಂದ ಐದು. ನಾನು ಓದುವುದು, ಅವರು ಕೇಳುವುದು, ಕೇಳಿದ ಮೇಲೆ ಆ ಚಪ್ಪಟೆ ಬೆರಳನ್ನು ನಾನು ಹಿಡಿದು ಕೀಲಿಯ ಮೇಲಿಡುವುದು. ಒತ್ತುವ ಕೆಲಸವನ್ನು ಅವರು ನನಗೆ ಬಿಟ್ಟುಕೊಡಲಿಲ್ಲ. ಹೊಸಬರು ಯಾರು ಬಂದರೂ ನನ್ನ ಪರಿಚಯ ಮಾಡಿಕೊಡುತ್ತಿದ್ದರು: "ನನ್ ಕಣ್ಣು ತಿಂದೋರು ಇವರೇ. ಈಗ ಚೆನ್ನಾಗಿ ಓದ್ತಾರೆ ಬುಡಿ." ನನ್ನಿಂದ ಒಂದು ಸಾಲು ತಪ್ಪಿದರೆ ತಡಕಿ ಹಣೆ ಹುಡುಕಿ ಆ ಬೆರಳಿನಿಂದ ಕುಟ್ಟುತ್ತಿದ್ದರು. ಜಾಹೀರಾತಿನ ವಿರುದ್ಧ ನಾನು ದೂರು ಬರೆದೆ. ಷರತ್ತುಗಳಿಗೆ ನೀವು ಒಪ್ಪಿದ್ದೀರಿ ಎಂದು ಉತ್ತರ ಬಂತು. ಅದನ್ನೂ ಅಂಗಡಿ ತುಂಬಿದ್ದಾಗ ಗಟ್ಟಿಯಾಗಿ ಓದಿಸಿದರು.

ಒಂದು ಸಲ, ಇಬ್ಬರೇ ಇದ್ದಾಗ, ಕ್ಷಮಿಸಿಬಿಡಿ ಮೇಡಂ ಎಂದೆ.

"ತಪ್ಪು ಔಷಧಿ ಕೊಟ್ಟು ಪೇಷೆಂಟ್ ಸತ್ರೆ, ಎಣದ್ ತಾವ ಕ್ಷಮಿಸು ಅಂತೀರಾ?" ಎಂದರು. ನಾನು ಆ ಮಾತು ಮತ್ತೆ ಎತ್ತಲಿಲ್ಲ. ಬೆಳಗಿನ ಇನ್ಸುಲಿನ್ ಮಾತ್ರ ಅವರು ಬೇರೆ ಯಾರಿಂದಲೂ ಹಾಕಿಸಿಕೊಳ್ಳಲಿಲ್ಲ. ತೋಳು ಚಾಚಿ, "ಓದಿ" ಎನ್ನುತ್ತಿದ್ದರು. ಸೀಸೆಯ ಚೀಟಿಯನ್ನು ಮೂರು ಸಲ ಗಟ್ಟಿಯಾಗಿ ಓದುತ್ತಿದ್ದೆ. ಕೊನೆಗೆ ಅವರನ್ನು ಕೊಂಡೊಯ್ದದ್ದು ಕಣ್ಣಲ್ಲ, ಮೂತ್ರಪಿಂಡ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಮಣ್ಣು ಮುಗಿಯಿತು. ಸ್ನಾನ ಮಾಡಿ, ನಾಲ್ಕಕ್ಕೆ ಅಂಗಡಿಯ ಕರೆಂಟು ಆರಿಸಿ ಬರಲು ಹೋದೆ. ಬಾಗಿಲಲ್ಲಿ ಬಂಡೂರಿನ ಒಬ್ಬ ಹಿರಿಯರು ನಿಂತಿದ್ದರು. ಹೆಂಡತಿಯ ಎದೆನೋವು ತೋರಿಸಲು ಕಾಟ್ಪಾಡಿವರೆಗೆ ಹೋಗಬೇಕಂತೆ. ಅಂಗಡಿ ಮುಚ್ಚಿದೆಯೆಂದು ಫೋನು ತೆರೆದಿದ್ದರು. ಹಸಿರು ಅಕ್ಷರದ ಮೇಲೆ ಅವರ ಬೆರಳು ಎತ್ತಿಹಿಡಿದಂತೆಯೇ ಇತ್ತು.

"ಮೇಡಂ ಓದ್ರಂತೆ?" ಎಂದರು.

"ಹೋದರು."

"ನೀವ್ ಯಾರವ್ವಾ?"

"ಅವರ ಕಣ್ಣು ತಿಂದವಳು. ಫೋನು ಜೇಬಿಗೆ ಹಾಕಿ. ಓದ್ತೀನಿ, ಕೇಳಿ."

ಬೀಗ ತೆಗೆದೆ. ಅವರು ಕೇಳಿದ ದಿನ ಸೀಟಿರಲಿಲ್ಲ. ಇಲ್ಲ ಎಂದು ಮುಖಕ್ಕೆ ಹೇಳಿದೆ. ಹಿಂದಿನ ದಿನದ ರೈಲಿನಲ್ಲಿ ಎರಡು ಸೀಟು ಇದ್ದವು. ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಂದು ಚೌಕದಲ್ಲಿ ಸರಿಗುರುತಿತ್ತು, ತೆಗೆದೆ. ಒತ್ತಿದೆ. ಟಿಕೆಟ್ ಅಚ್ಚು ಮಾಡಿ ಕೈಗೆ ಕೊಟ್ಟು, ಹೆಸರು, ದಿನ, ಸೀಟು ಅವರಿಂದಲೇ ಓದಿಸಿದೆ. ಐದು ಗಂಟೆಗೆ ಕರೆಂಟು ಆರಿಸಿ, ಬಾಗಿಲು ಹಾಕಿ, ಬೀಗವನ್ನು ಮೂರು ಸಲ ಎಳೆದು ನೋಡಿದೆ.