ದೀಪದಿಂದಲೇ ಹತ್ತಿದ ಬೆಂಕಿ

ಕಳೆದ ವರ್ಷ ನವರಾತ್ರಿಯ ಎಂಟನೆಯ ದಿನ ಬೆಳಿಗ್ಗೆ ಬಸವಕಲ್ಯಾಣದ ನನ್ನ ತವರುಮನೆಯ ದೇವರ ಕೋಣೆಗೆ ಬೆಂಕಿ ಬಿತ್ತು. ಕಟ್ಟಿಗೆಯ ಮಂಟಪ, ಅದರ ಪರದೆ, ಬಾಗಿಲ ಚೌಕಟ್ಟಿನ ಒಂದು ಬದಿ ಸುಟ್ಟವು. ಗೋಡೆ ಮೇಲಿನ ತನಕ ಕಪ್ಪಾಯಿತು. ಎಲ್ಲರೂ ಗುಡಿಗೆ ಹೋಗಿದ್ದರು. ದೀಪ ಕಾಯಲು ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ, ಒಬ್ಬರೇ ಉಳಿದಿದ್ದರು. ಬಕೆಟ್ಟಿನ ನೀರಿನಲ್ಲಿ ಕೌದಿ ಅದ್ದಿ, ಹೊದಿಸಿ, ಬೆಂಕಿ ಆರಿಸಿದರು. ಅವರ ಬಲಗೈ ಸುಟ್ಟಿತು.

ನಾನು ಆಗ ಹುಮನಾಬಾದಿನಲ್ಲಿದ್ದೆ. ಅಲ್ಲಿನ ಒಂದು ಪತ್ರಿಕಾ ಕಚೇರಿಯಲ್ಲಿ ನನ್ನ ಕೆಲಸ. ಫೋನ್ ಬಂದ ಮೇಲೆ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ತಲುಪಿದೆ. ಹಾಗಾಗಿ ಬೆಂಕಿಯನ್ನು ನಾನು ನೋಡಿಲ್ಲ. ಅದಕ್ಕೆ ಮುಂಚಿನದನ್ನೂ ಆಮೇಲಿನದನ್ನೂ ನೋಡಿದ್ದೇನೆ.

ಮುಂಚಿನದು ಹೀಗಿತ್ತು. ನಮ್ಮ ಮನೆಯಲ್ಲಿ ಘಟದ, ಅಂದರೆ ದೇವಿಯ ಹೆಸರಿನಲ್ಲಿ ಕೂಡಿಸಿದ ಕಲಶದ, ಮುಂದೆ ಹಚ್ಚಿದ ದೀಪ ದಸರೆಯ ತನಕ ಆರಬಾರದು. ಹಚ್ಚಿದ ಮೇಲೆ ಅದನ್ನು ಜಾಗದಿಂದ ಕದಲಿಸಲೂಬಾರದು. ಮಂಟಪದಿಂದ ಘಟದ ಮೇಲೆ ದಿನಕ್ಕೊಂದು ಚೆಂಡುಹೂವಿನ ಮಾಲೆ ಇಳಿಬಿಡುತ್ತಾರೆ. ಹಳೆಯದನ್ನು ತೆಗೆಯುವುದಿಲ್ಲ, ಅದರ ಪಕ್ಕಕ್ಕೆ ಹೊಸದು ಸೇರುತ್ತದೆ. ಹಬ್ಬ ಮುಗಿಯುವ ಹೊತ್ತಿಗೆ ಮೊದಲಿನ ಮಾಲೆಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ದೀಪ ಅವುಗಳ ಕೆಳಗೇ ಉರಿಯುತ್ತಿರುತ್ತದೆ.

ವೈನಿ ಇದನ್ನು ಮೂರನೆಯ ದಿನವೇ ಹೇಳಿದ್ದರು. ಅವತ್ತು ನಾನು ಅಲ್ಲಿದ್ದೆ.

“ಅತ್ತಿ, ದೀಪ ಜರಾ ಈ ಕಡಿ ಇಡೂಣ್ರಿ. ಪರಾತದಾಗ ಉಸುಕು ಹಾಕಿ ಅದರಾಗ ಇಟ್ರಾತು. ಮಾಲಿ ಒಣಗಾಕತ್ತಾವ.”

“ಹಚ್ಚಿದ ದೀಪ ಸರಸ್ತಾರೇನ?” ಅಂದಳು ಅವ್ವ. “ನಿಮ್ಮ ತವರಾಗ ಸರಸ್ತಿರಬೇಕು.”

ಮಂಠಾಳದಿಂದ ಹಬ್ಬಕ್ಕೆ ಬಂದಿದ್ದ ಚಿಗವ್ವ, ಅವ್ವನ ತಂಗಿ, ಹೂ ಪೋಣಿಸುತ್ತಾ ನಕ್ಕಳು. “ಕೊಹಿನೂರ ಹಳ್ಳಿಯಾಕಿ ಅಲ್ಲೇನಕ್ಕಾ ಆಕಿ! ಅವರೂರಾಗ ದೀಪಾನೂ ಎಮ್ಮಿ ಹಂಗ. ಮುಂಜಾನಿ ಹೊರಗ ಕಟ್ಟತಾರ, ಸಂಜಿಕ ಒಳಗ ಕಟ್ಟತಾರ.”

“ಹೌದ್ರಿ ಸಣ್ಣತ್ತಿ,” ಅಂದರು ವೈನಿ. “ನಮ್ಮೂರಾಗ ಎಮ್ಮಿಗೆ ಬೆಂಕಿ ಹತ್ತಬಾರ್ದಂತ ಕಾಳಜಿ ಮಾಡ್ತಾರ. ಇಲ್ಲಿ ಮನಷ್ಯಾರ್ದೂ ಮಾಡಂಗಿಲ್ಲ.”

ದೀಪ ಇದ್ದಲ್ಲೇ ಉಳಿಯಿತು. ಎಂಟನೆಯ ದಿನ ವೈನಿ ಎಣ್ಣೆ ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಒಣಮಾಲೆಯೊಂದು ಹರಿದು ದೀಪದ ಮೇಲೆ ಬಿದ್ದಿತ್ತು.

ನಾನು ತಲುಪಿದಾಗ ಕೋಣೆಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ವೈನಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಒಳಗೆ ಕುಳಿತಿದ್ದರು. ಚಿಗವ್ವ ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ದೀಪ ಸರಸೂಣು ಅಂತ ಬಾಯಿಲೆ ಅಂದಿದ್ದಳಲ್ಲ, ದೇವಿ ಕೇಳಿಸ್ಕೊಂಡಳ.”

ಅಣ್ಣ ನನ್ನನ್ನು ಅಂಗಳಕ್ಕೆ ಕರೆದ. ಮನೆಗೆ ಸಾಲ ಕೊಟ್ಟಾಗ ಬ್ಯಾಂಕಿನವರು ಮಾಡಿಸಿದ್ದ ವಿಮೆ ಇತ್ತು. ಅವನ ಚಿಂತೆ ಅದರದು, ಊರಿನದೂ.

“ದೇವಿ ದೀಪ ಮನಿ ಸುಟ್ಟಿತು ಅಂದ್ರ ನಮ್ಮ ಇಜ್ಜತ್ ಏನ ಉಳೀತದ ತಂಗಿ? ಮ್ಯಾಲ ವಿಮಾದವರು ನಿಮ್ಮದಾ ಗಲತಿ ಅಂತಾರ, ಬಿಲಕುಲ್ ಕೊಡಂಗಿಲ್ಲ. ಶಾರ್ಟ್ ಸರ್ಕ್ಯೂಟ್ ಅಂತ ನಿನ್ನ ಪೇಪರದಾಗ ಸಣ್ಣದೊಂದು ಸುದ್ದಿ ಹಾಕು. ಕಟಿಂಗ್ ಕ್ಲೇಮಿಗೆ ಹಚ್ಚತೀನಿ.”

ನಮ್ಮ ಕಚೇರಿಯಲ್ಲಿ ಆ ಸಾಲು ಯಾವಾಗಲೂ ಸಿದ್ಧವಿರುತ್ತದೆ. ಅಂಗಡಿ ಸುಡಲಿ, ಗುಡಿಸಲು ಸುಡಲಿ, ಸುದ್ದಿಯ ಕೊನೆಗೆ ‘ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ’ ಎಂದು ಬರುತ್ತದೆ. ಸುತ್ತ ಎಲ್ಲೂ ವೈರು ಇಲ್ಲದ ಹೊಲದ ಬಣವೆಗೂ ಒಮ್ಮೆ ಹಾಗೇ ಬಂದಿತ್ತು. ಶಂಕಿಸಿದವರು ಯಾರು ಎಂದು ಓದುಗರು ಕೇಳುವುದಿಲ್ಲ.

“ಶಂಕಿಸಿದವರು ಯಾರಂತ ಬರೀಲಿ ಅಣ್ಣಾ?”

“ನಾನ. ನಾ ಶಂಕಿಸೀನಿ ಅಂತ ಬರಿ.”

“ನೀ ಗುಡ್ಯಾಗಿದ್ದಿ.”

“ಮನಿ ನಂದದಾ. ಗುಡ್ಯಾಗ ನಿಂತೂ ಶಂಕಿಸ್ತೀನಿ, ಯಾರ ಕೇಳವ್ರು?”

ನಾನು ಬರೆಯುವುದಿಲ್ಲ ಎಂದೆ. ತವರಿನ ಕೆಲಸಕ್ಕಾಗದ ನೌಕರಿ ಯಾತಕ್ಕೆ ಎಂದು ಅವನು ಕೇಳಿದ. ಅಷ್ಟರಲ್ಲಿ ವೈನಿ ಬಾಗಿಲಿಗೆ ಬಂದು ನಿಂತಿದ್ದರು.

“ಶಾರ್ಟ್ ಅಂತ ಬರಸಿದ್ರ ಈ ವರ್ಷ ಎಲ್ಲಾರ ಬಾಯಿ ಮುಚ್ಚತದ, ಖರೇ ಅದಾ,” ಎಂದು ಅಣ್ಣನಿಗೆ ಹೇಳಿದರು. “ಬರೂ ವರ್ಷ ದೀಪ ಮತ್ತ ಅಲ್ಲೇ ಇಡ್ತೀರಿ. ಕಾಯಾಕ ಮತ್ತ ನಾನ ಕುಂದರಬೇಕು. ಆಗ ಕೈ ಅಷ್ಟಾ ಸುಡತದ ಅಂತ ಬರದು ಕೊಡ್ತೀರೇನ್ರಿ?”

ಅಣ್ಣ ಚಪ್ಪಲಿ ಮೆಟ್ಟಿ ಬೀದಿಗೆ ಹೋದ.

ದಸರೆ ಮುಗಿದ ಮೇಲೆ ವಿಮೆಯ ಸರ್ವೇಯರ್ ಬಂದರು. ನಾನೂ ರಜೆ ಹಾಕಿ ಹೋಗಿದ್ದೆ. ಅವರು ಸುಟ್ಟ ಚೌಕಟ್ಟು, ಗೋಡೆ, ಸ್ವಿಚ್ ಬೋರ್ಡು ಎಲ್ಲದರ ಫೋಟೊ ತೆಗೆದುಕೊಂಡು, ಬೆಂಕಿ ಹೇಗೆ ಹತ್ತಿತು ಎಂದು ಕೇಳಿದರು. ಅಣ್ಣ ಶಾರ್ಟ್ ಸರ್ಕ್ಯೂಟ್ ಎಂದ. ಚಹಾ ತಂದಿದ್ದ ವೈನಿ ತಟ್ಟೆ ಕೆಳಗಿಟ್ಟು ಅಲ್ಲೇ ನಿಂತರು.

“ನೀ ಒಳಗ ಹೋಗ,” ಅಂದಳು ಅವ್ವ.

“ಅವತ್ತ ಒಳಗ ಇದ್ದಾಕಿ ನಾನ ಒಬ್ಬಾಕಿರಿ ಅತ್ತಿ. ಅದಕ್ಕ ನಾನ ಹೇಳಬೇಕು.” ವೈನಿ ಸರ್ವೇಯರ್ ಕಡೆ ತಿರುಗಿದರು. “ದೀಪದಿಂದ ಹತ್ತಿದ್ದು ಇದು. ಒಣಮಾಲಿ ಬಿದ್ದು ಪರದಿ ಹಿಡೀತು, ಪರದಿಯಿಂದ ಮಂಟಪ. ನಾ ಆರಸಾಕತ್ತಾಗ ಅದಾ ಕೋಣ್ಯಾಗಿನ ಟ್ಯೂಬ್‌ಲೈಟ್ ಉರೀತಿತ್ತು. ಶಾರ್ಟ್ ಆಗಿದ್ರ ಅದು ಹ್ಯಾಂಗ ಉರೀತಿತ್ರಿ?”

ಸರ್ವೇಯರ್ ಟ್ಯೂಬ್‌ಲೈಟಿನ ಕಡೆಗೊಮ್ಮೆ, ಅಣ್ಣನ ಕಡೆಗೊಮ್ಮೆ ನೋಡಿದರು.

“ದೀಪದ್ದಾದ್ರೂ ಬೆಂಕಿ ಬೆಂಕಿನ ಅಲ್ಲೇನ್ರಿ ಅಣ್ಣಾರ? ದೀಪ ಅಂದ್ರೂ ಕ್ಲೇಮ್ ಬರತದ. ಸುಳ್ಳ ಹೇಳಿದ್ರ ಬರಂಗಿಲ್ಲ,” ಅಂದರು ಸರ್ವೇಯರ್.

ಅವರು ಕಾರಣದ ಜಾಗದಲ್ಲಿ ದೀಪ ಎಂದೇ ಬರೆದುಕೊಂಡರು. ವೈನಿ ಪಟ್ಟಿ ಕಟ್ಟಿದ ಕೈ ಮುಂದೆ ಮಾಡಿದರು.

“ಮತ್ತ ಇದು?”

“ಇದು ಮನಿ ಪಾಲಿಸಿ ಅಕ್ಕಾರ. ಕೈ ಇದರಾಗ ಬರಂಗಿಲ್ಲ.”

“ಗ್ವಾಡಿಗೆ ವಿಮಾ ಅದಾ, ಗ್ವಾಡಿ ಉಳಿಸಿದ ಕೈಗಿಲ್ಲ!” ಅಂದರು ವೈನಿ. ಆ ಮಾತು ಸರ್ವೇಯರ್‌ಗೆ ಹೇಳಿದ್ದಾಗಿರಲಿಲ್ಲ. ಅಣ್ಣ ಚಹಾ ಕುಡಿಯುವುದರಲ್ಲಿ ಮಗ್ನನಾದ.

ಅವ್ವ ದೀಪಾವಳಿಯ ತನಕ ವೈನಿಯ ಜೊತೆ ಮಾತು ಬಿಟ್ಟಳು. ಮಂಠಾಳದಲ್ಲಿ ಚಿಗವ್ವ ಕಥೆಯನ್ನು ತನಗೆ ಬೇಕಾದಂತೆ ಹೇಳಿದಳು. ಅಲ್ಲಿಂದ ಹುಮನಾಬಾದಿಗೆ ಬಂದವರೊಬ್ಬರು ಅದನ್ನು ನನಗೇ ಹೇಳಿದರು. ಕ್ಲೇಮ್ ಮಂಜೂರಾಯಿತು. ಚೌಕಟ್ಟು ಬದಲಾಯಿತು, ಹೊಸ ಮಂಟಪ ಬಂತು. ವೈನಿ ಅಣ್ಣನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ತಮ್ಮ ಹೆಸರಿನಲ್ಲಿ ಅಪಘಾತ ವಿಮೆ ಮಾಡಿಸಿಕೊಂಡು ಬಂದರು. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಆ ವಿಮೆ ಹಳೆಯ ಗಾಯಕ್ಕೆ ಅನ್ವಯಿಸುವುದಿಲ್ಲ.

ಈ ವರ್ಷ ಘಟ ಕೂಡಿಸುವ ದಿನ ನಾನು ಹೋದಾಗ, ಮಂಟಪದಿಂದ ಮಾರು ದೂರ, ಬರಿ ನೆಲದ ಮೇಲೆ ಹಿತ್ತಾಳೆಯ ಪರಾತ, ಅಂಚಿರುವ ಅಗಲ ತಟ್ಟೆ, ಇತ್ತು. ಅದರ ತುಂಬ ಉಸುಕು, ನಡುವೆ ದೀಪ. ಇನ್ನೂ ಹಚ್ಚಿರಲಿಲ್ಲ.

“ದೀಪ ಸರಸಬಾರ್ದಂತ ಎಷ್ಟ ಸಲ ಹೇಳಬೇಕು?” ಅಂದಳು ಅವ್ವ.

“ಸರಸಿಲ್ಲರಿ ಅತ್ತಿ. ಹಚ್ಚೂಕಿಂತ ಮೊದಲಾ ಇಲ್ಲಿ ಇಟ್ಟೀನಿ.”

“ಇಷ್ಟ ವರ್ಷ ಮಂಟಪದ ಕೆಳಗ ಇಟ್ಟವ್ರು ಹುಚ್ಚರೇನ?”

ವೈನಿ ಕಡ್ಡಿಪೆಟ್ಟಿಗೆಯನ್ನು ಅವ್ವನ ಮುಂದೆ ಹಿಡಿದರು. “ಇಲ್ಲಿದ್ರ ನಾ ಹಚ್ಚತೀನಿ, ನಾ ಕಾಯ್ತೀನಿ. ಅಲ್ಲಿ ಬೇಕಂದ್ರ ನೀವ ಹಚ್ಚರಿ. ದಸರಾ ತನಕ ಕಾಯೂದೂ ನೀವ ಕಾಯ್ರಿ. ನಾ ಎಲ್ಲಾರ ಜೋಡಿ ಗುಡಿಗೆ ಹೋಗತೀನಿ.”

ಅವ್ವ ಕಡ್ಡಿಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಎಣ್ಣೆಯ ಗಿಂಡಿಯನ್ನು ಪರಾತದ ಕಡೆ ಸರಿಸಿ ಎದ್ದು ಹೋದಳು. ವೈನಿ ದೀಪ ಹಚ್ಚಿದರು.

ಇವತ್ತು ಐದನೆಯ ದಿನ. ಮಂಟಪದಲ್ಲಿ ಐದು ಮಾಲೆಗಳಿವೆ. ದೀಪ ಪರಾತದಲ್ಲಿ ಉರಿಯುತ್ತಿದೆ. ವೈನಿ ಆರತಿಗೆ ಗುಡಿಗೆ ಹೋಗಿದ್ದಾರೆ. ದೀಪದ ಹತ್ತಿರ ಅವ್ವ ಕುಳಿತಿದ್ದಾಳೆ.