ಹಳೆಯ ದೋಣಿಗೆ ಹೊಸ ಇಂಜಿನ್

ಇವತ್ತು ಮಗಳು ತನ್ನ ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಕೂರಿಸುತ್ತಿದ್ದಳು. "ನಿಮ್ಮ ಹಳೆ ಪವರ್ ಸಪ್ಲೈ ಈ ದೊಡ್ಡ ಪ್ರೊಸೆಸರನ್ನು ತಾಳುದು ಕಷ್ಟ, ಸಣ್ಣದು ಸಾಕು" ಎಂದು ಪರ್ಕಳದ ಅಂಗಡಿಯವರು ಹೇಳಿದ್ದರು. ಗೆಳತಿಯದಕ್ಕಿಂತ ವೇಗದ್ದೇ ಬೇಕೆಂದು ಇವಳು ದೊಡ್ಡದನ್ನೇ ತಂದಿದ್ದಳು. ಅದನ್ನು ಬಿಗಿಯುವ ಸಣ್ಣ ಕಂಬಿಯನ್ನು ಒತ್ತಿದಾಗ ಕರಕ್ ಎಂದಿತು. ಪಕ್ಕದಲ್ಲಿದ್ದ ನಾನು ಬಗ್ಗಿ ನೋಡಿದೆ.

ನಾನು ಚಿಕ್ಕವಳಿದ್ದಾಗ ಮಲ್ಪೆಯ ಮರಳಿನಲ್ಲಿ ಅಪ್ಪ ನಮ್ಮ ಹಳೆಯ ಮರದ ದೋಣಿಗೆ ಹೊಸ ಇಂಜಿನ್ ಬಿಗಿಯುವಾಗಲೂ ಹಲಗೆ ಹೀಗೇ ನರಳಿತ್ತು. ನೆರೆಯವರ ದೋಣಿ ಮೀನಿನ ಏಲಕ್ಕೆ ಮೊದಲು ತಲುಪುತ್ತದೆಂದು, ಅವರದಕ್ಕಿಂತ ದೊಡ್ಡ ಇಂಜಿನ್ನನ್ನೇ ತಂದಿದ್ದರು. ಅಜ್ಜಿ ಇಂಜಿನ್ನನ್ನು ನೋಡಲೇ ಇಲ್ಲ. ದೋಣಿಯ ಪಕ್ಕೆಗೆ ಅಂಗೈ ಒತ್ತಿ ನಿಂತರು.

"ಇಂಜಿನ್ ಗಟ್ಟಿ ಉಂಟು ಮಗಾ. ಹಲಗೆ ಎಂತ ಹೇಳ್ತದೆ?"

"ನೀನೊಮ್ಮೆ ಸುಮ್ಮನಿರು ಅಮ್ಮ, ಮೀನು ಹೆದರಿ ಓಡೀತು," ಅಪ್ಪ ನಕ್ಕರು.

ಅಪ್ಪ ಹೊರಟ ದೋಣಿ ಅಲೆಗಳನ್ನು ದಾಟಿ ಚುಕ್ಕೆಯಾಯಿತು. ಇದ್ದಕ್ಕಿದ್ದಂತೆ ಇಂಜಿನ್ನಿನ ಸದ್ದು ನಿಂತಿತು. ಅಜ್ಜಿ ನನ್ನ ಕೈ ಹಿಡಿದರು. ನಾನು ಅಳುವುದಕ್ಕೂ ಹೆದರಿ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಅಪ್ಪ ಹುಟ್ಟು ಹಾಕುತ್ತಾ ಬಂದರು. ಬಿರುಕು ಬಿಟ್ಟ ಹಲಗೆಯ ಸಂದಿಗೆ ತಮ್ಮ ಅಂಗಿಯನ್ನು ತುರುಕಿದ್ದರು.

"ಹಲಗೆ ಹೇಳಿತು ಅಮ್ಮ," ಎಂದರು. ಈ ಸಲ ನಗಲಿಲ್ಲ.

"ಅಮ್ಮ, ಕೈ ತೆಗಿ ಮಾರಾಯ್ತಿ, ಆನ್ ಮಾಡ್ತೇನೆ," ಎಂದಳು ಮಗಳು. ನನ್ನ ಅಂಗೈ ಯಾವಾಗಲೋ ಕಂಪ್ಯೂಟರಿನ ಪಕ್ಕೆಗೆ ಹೋಗಿ ಕೂತಿತ್ತು.

"ಇರಲಿ. ನೀನು ಒತ್ತು," ಎಂದೆ.

ಒಳಗೆ ಫ್ಯಾನ್ ತಿರುಗಿತು. ಅಂಗೈ ಕೆಳಗೆ ತಗಡು ಸಣ್ಣಗೆ ನಡುಗತೊಡಗಿತು. ಆ ಸದ್ದು ಎಲ್ಲಿ ನಿಲ್ಲುತ್ತದೋ ಎಂದು ಉಸಿರು ಹಿಡಿದು ಕೇಳುತ್ತಲೇ ಇದ್ದೆ.