ಚಂದ್ರಪ್ರಭಾ ಬರೆದುಕೊಂಡ ಕೊನೆ

ಚನ್ನರಾಯಪಟ್ಟಣದಲ್ಲಿ ಶಾಲೆಮಕ್ಕಳ ಯೂನಿಫಾರ್ಮ್ ಹೊಲಿಯುವ ಚಂದ್ರಪ್ರಭಾ ಒಂದೇ ಒಂದು ಪುಸ್ತಕ ಬರೆದಳು. ಜ್ವರದಲ್ಲಿ ತೀರಿಹೋದ ಮಗಳು ಶ್ರದ್ಧಾ ಅದರಲ್ಲಿ ಹುಷಾರಾಗಿ, ಆಸ್ಪತ್ರೆಯಿಂದ ಮನೆಗೆ ಬಂದು, ದೋಸೆ ಬೇಕೆಂದು ಹಟ ಮಾಡುತ್ತಾಳೆ.

ಆ ವರ್ಷ ಮಕ್ಕಳ ಪುಸ್ತಕ ಬಹುಮಾನಕ್ಕೆ ಹಿರೀಸಾವೆಯ ಒಂದು ಶಾಲೆಯ ಮಕ್ಕಳೇ ತೀರ್ಪುಗಾರರು. ಬರೆದವರ ಹೆಸರಿನ ಮೇಲೆಲ್ಲ ಕಾಗದ ಅಂಟಿಸಿದ್ದರು. ಪರಿಚಯದ ಟೀಚರು, ಯಾರೆಂದು ಹೇಳದೆ, ಚಂದ್ರಪ್ರಭಾಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಬಹುಮಾನ ಬರದಿದ್ದರೂ ಸರಿ, ತನ್ನ ಹುಡುಗಿ ಈ ಮಕ್ಕಳಿಗೆ ಇಷ್ಟವಾದರೆ ಸಾಕು ಅಂತ ಅವಳ ಆಸೆ.

“ಇದ್ಕೇ ಕೊಡಾನ ಮಿಸ್, ಆ ಹುಡ್ಗಿ ಒಳ್ಳೆ ತರ್ಲೆ,” ಅಂದ ಒಬ್ಬ, ಚಂದ್ರಪ್ರಭಾಳ ಪುಸ್ತಕ ಎತ್ತಿ ಹಿಡಿದು.

“ನಿನ್ನಂಗೇ ಕಣ್ಲಾ,” ಅಂದಳು ಪಕ್ಕದವಳು. ಎಲ್ಲರೂ ನಕ್ಕರು, ಚಂದ್ರಪ್ರಭಾಳೂ ನಕ್ಕಳು.

ಸಿಂಧು ಎಂಬ ಹುಡುಗಿ ಮಾತ್ರ ಎದ್ದು ನಿಂತಳು. “ಬ್ಯಾಡ ಮಿಸ್, ಕೊನೆ ಸುಳ್ಳು. ನಮ್ ತಮ್ಮನ್ನೂ ಹಾಸನದ ಆಸ್ಪತ್ರೆಗೆ ಕರ್ಕೊಂಡೋಗಿದ್ರು. ಅವ್ನು ಬರ್ಲೇ ಇಲ್ಲ. ಇದ್ನ ಬರ್ದೋರ್ಗೆ ಏನೂ ಗೊತ್ತಿಲ್ಲ.”

ಚಂದ್ರಪ್ರಭಾ ಎದ್ದು ಹೋಗಿ ಆ ಮಗುವಿನ ಪಕ್ಕ ಕೂತಳು.

“ಗೊತ್ತು ಕಣಮ್ಮಾ. ಗೊತ್ತಿದ್ದೇ ಹಂಗೆ ಬರೆದೆ,” ಅಂದಳು.

ಸಿಂಧು ತನ್ನ ಓಟನ್ನು ಬೇರೆ ಪುಸ್ತಕಕ್ಕೇ ಹಾಕಿದಳು. ಆದರೆ ಬೆಲ್ ಹೊಡೆಯುವವರೆಗೂ ಚಂದ್ರಪ್ರಭಾಳ ಕೈ ಬಿಡಲಿಲ್ಲ.